ಬೋರಲು ಹಾಕಿ ನೋಡಬೇಕಾದ ತಟ್ಟೆಗಳು

ಪಿಂಗಾಣಿ ಸಂಗ್ರಹಿಸುವವರಿಗೆ ಒಂದು ಅಭ್ಯಾಸವಿದೆ. ತಟ್ಟೆ ಕೈಗೆ ಬಂದರೆ ಅದರ ಚಿತ್ರವನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ, ಬೋರಲು ಹಾಕಿ ತಳವನ್ನೂ ನೋಡುತ್ತಾರೆ. ಯಾವ ಕಾರ್ಖಾನೆ, ಯಾವ ವರ್ಷ, ಯಾರ ಕೈ ಎನ್ನುವುದರ ಗುರುತುಗಳು ಇರುವುದು ಅಲ್ಲೇ. ಆಧುನಿಕ ಕಲಾವಿದರು ಚಿತ್ರಿಸಿದ ತಟ್ಟೆಗಳ ಬಗ್ಗೆ ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ರಷ್ಯಾದ ಕ್ರಾಂತಿಯ ಕಾಲದವು. ಅವುಗಳ ಮುಂಭಾಗ ಒಂದು ಮಾತು ಹೇಳಿದರೆ ತಳ ಇನ್ನೊಂದನ್ನು ಹೇಳುತ್ತದೆ.

ಸೇಂಟ್ ಪೀಟರ್ಸ್‌ಬರ್ಗಿನ ಪಿಂಗಾಣಿ ಕಾರ್ಖಾನೆ ಶುರುವಾದದ್ದು 1744ರಲ್ಲಿ, ಮಹಾರಾಣಿ ಎಲಿಜಬೆತ್ ಕಾಲದಲ್ಲಿ. ಅಲ್ಲಿ ತಯಾರಾದದ್ದು ಮುಖ್ಯವಾಗಿ ಅರಮನೆಯ ಊಟದ ಮೇಜಿಗೆ. 1917ರ ಕ್ರಾಂತಿಯ ನಂತರ, 1918ರಲ್ಲಿ, ಅದು ಹೊಸ ಸರ್ಕಾರದ ಸ್ವತ್ತಾಯಿತು. ಉಗ್ರಾಣದಲ್ಲಿ ಚಿತ್ರ ಬರೆಯದ ಬಿಳಿ ತಟ್ಟೆಗಳು ರಾಶಿ ಬಿದ್ದಿದ್ದವು. ಕಲಾ ನಿರ್ದೇಶಕನಾಗಿ ಬಂದ ಸೆರ್ಗೆಯ್ ಚೆಖೋನಿನ್ ಮತ್ತು ಅವನ ಸಂಗಡಿಗರು ಅವನ್ನೇ ಎತ್ತಿಕೊಂಡು ಘೋಷಣೆಗಳನ್ನೂ ಕುಡುಗೋಲು-ಸುತ್ತಿಗೆಗಳನ್ನೂ ಬರೆಯತೊಡಗಿದರು. 1923ರ ಹೊತ್ತಿಗೆ ಮಾಲೆವಿಚ್, ಸುಯೆತಿನ್, ಚಾಶ್ನಿಕ್ ಅವರ ಚೌಕ, ವೃತ್ತ, ಪಟ್ಟಿಗಳೂ ಪಿಂಗಾಣಿಯ ಮೇಲೆ ಬಂದವು.

ಒಂದು ತೊಡಕಿತ್ತು. ಆ ಬಿಳಿ ತಟ್ಟೆಗಳ ತಳದಲ್ಲಿ ಚಕ್ರವರ್ತಿಯ ಹೆಸರಿನ ಮುದ್ರೆಯಿತ್ತು. ಅದನ್ನು ಗ್ಲೇಜ್ ಎಂಬ ಗಾಜಿನಂಥ ಲೇಪದ ಅಡಿಯಲ್ಲಿ ಹಾಕಿ 1300 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಸುಟ್ಟಿದ್ದರು. ಎಷ್ಟು ತಿಕ್ಕಿದರೂ ಹೋಗುವಂಥದ್ದಲ್ಲ. ಹಾಗಾಗಿ ಅದರ ಮೇಲೆ ಬಣ್ಣದ ತೇಪೆ ಹಚ್ಚಿ, ಪಕ್ಕದಲ್ಲಿ ಹೊಸ ಸರ್ಕಾರದ ಗುರುತು ಬರೆದು, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಟ್ಟರು. ಅಳಿಸಲಾಗದ್ದನ್ನು ಮುಚ್ಚಿದರು.

ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥದ್ದೊಂದು ತಟ್ಟೆ ಇದೆ. 1901ರಲ್ಲಿ ತಯಾರಾದ ಅದಕ್ಕೆ 1921ರಲ್ಲಿ ಮಿಖಾಯಿಲ್ ಅದಮೋವಿಚ್ ಚಿತ್ರ ಬರೆದ. ಕಾರ್ಮಿಕನೊಬ್ಬ 'ಬಂಡವಾಳ' ಎಂಬ ಪದವನ್ನೇ ತುಳಿದು ನಿಂತಿದ್ದಾನೆ, ಹಿಂದೆ ಕಾರ್ಖಾನೆ. ತಿರುಗಿಸಿದರೆ ತ್ಸಾರನ ಮುದ್ರೆಯೂ ಸೋವಿಯತ್ ಗುರುತೂ ಎರಡೂ ಕಾಣುತ್ತವೆ. ಇದರ ಮೇಲೆ ತೇಪೆ ಇಲ್ಲ. ಕಾರಣ ಕೊಳ್ಳುವವರು. ಎರಡು ಯುಗಗಳ ಗುರುತು ಒಂದೇ ತಟ್ಟೆಯಲ್ಲಿದ್ದರೆ ವಿದೇಶಿ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಿದ್ದರು, ಸರ್ಕಾರಕ್ಕೋ ವಿದೇಶಿ ಹಣ ಬೇಕಿತ್ತು. ಬಂಡವಾಳವನ್ನು ತುಳಿಯುವ ಚಿತ್ರವನ್ನು ಕೊಳ್ಳಲು ಬಂಡವಾಳವಿದ್ದವರೇ ಬೇಕಾದರು.

ಅದಮೋವಿಚ್‌ನದೇ ಇನ್ನೊಂದು ಪ್ರಸಿದ್ಧ ತಟ್ಟೆಯೂ 1921ರದೇ. ನಡುವೆ ಲೆನಿನ್ ಮುಖ, ಸುತ್ತ ರೇಷನ್ ಚೀಟಿಗಳು, ಅಂಚಿನಲ್ಲಿ ದುಡಿಯದವನಿಗೆ ಊಟವಿಲ್ಲ ಎಂಬ ಅರ್ಥದ ಘೋಷಣೆ. ಅದೇ ವರ್ಷ ವೋಲ್ಗಾ ನದಿಯ ಪ್ರದೇಶಕ್ಕೆ ಭೀಕರ ಕ್ಷಾಮ ಬಡಿಯಿತು. ಬರಗಾಲ, ಒಳಯುದ್ಧ, ರೈತರಿಂದ ಬಲವಂತವಾಗಿ ಧಾನ್ಯ ಎತ್ತಿದ್ದು ಎಲ್ಲವೂ ಸೇರಿ ಸುಮಾರು 50 ಲಕ್ಷ ಜನರನ್ನು ಬಲಿ ತೆಗೆದುಕೊಂಡವೆಂದು ಅಂದಾಜು. ಸತ್ತವರಲ್ಲಿ ಬಹುಪಾಲು ಹೊಲದಲ್ಲಿ ದುಡಿದವರೇ. ಈ ಸಂಗತಿ ತಿಳಿದ ಮೇಲೆ ಆ ಘೋಷಣೆಯನ್ನು ಮೊದಲಿನ ಹಾಗೆ ಓದಲು ನನಗೆ ಆಗುತ್ತಿಲ್ಲ.

ಈ ತಟ್ಟೆಗಳಲ್ಲಿ ಊಟ ಬಡಿಸಿದವರು ಬಹಳ ಕಡಿಮೆ. ಕೈಯಲ್ಲೇ ಬರೆದವು, ಬೆಲೆ ಹೆಚ್ಚು. ಯಾರಿಗಾಗಿ ಬರೆದರೋ ಆ ಕಾರ್ಮಿಕ ಅವನ್ನು ಮಳಿಗೆಯ ಗಾಜಿನಾಚೆಯಿಂದ ನೋಡಬಹುದಿತ್ತು, ಅಷ್ಟೇ. ತಟ್ಟೆಗಳು ಹಡಗು ಹತ್ತಿ ಹೋದವು. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾರ್ಖಾನೆಗೆ ಚಿನ್ನದ ಪದಕ ಬಂತು. 1928ರಲ್ಲಿ ಚೆಖೋನಿನ್ ಕೂಡ ದೇಶ ಬಿಟ್ಟ. 1936ರಲ್ಲಿ ಜರ್ಮನಿಯಲ್ಲಿ ತೀರಿಕೊಂಡ.

ಹಾಗೆಂದು ಇದೆಲ್ಲ ಬರೀ ಬೂಟಾಟಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸರಿಯಾದ ಸೌದೆಯೂ ಊಟವೂ ಇಲ್ಲದ ಚಳಿಯ ಊರಿನಲ್ಲಿ ಕುಳಿತು ಅವರು ಅಕ್ಷರಗಳನ್ನು ಹೂಬಳ್ಳಿಯಂತೆ ಬರೆದರು. ಹೊಸ ಕಾಲ ಬರುತ್ತದೆಂಬ ನಂಬಿಕೆ ಆ ಗೆರೆಗಳಲ್ಲಿದೆ.

ಇವತ್ತು ಕೊಳ್ಳುವವರಿಗೆ ಆ ಹಳೆಯ ತೊಡಕು ಹೊಸ ರೂಪದಲ್ಲಿ ಎದುರಾಗುತ್ತದೆ. ತ್ಸಾರನ ಮುದ್ರೆಯಿರುವ ಖಾಲಿ ಬಿಳಿ ತಟ್ಟೆ ಸಿಕ್ಕರೆ ಯಾರು ಬೇಕಾದರೂ ಅದರ ಮೇಲೆ ಕ್ರಾಂತಿಯ ಚಿತ್ರ ಬರೆದು ಸುಡಬಹುದು. ಮುದ್ರೆ ಅಸಲಿ, ಚಿತ್ರ ನಕಲಿ. ಆದ್ದರಿಂದ ತಳದ ಗುರುತೊಂದನ್ನೇ ನಂಬುವ ಹಾಗಿಲ್ಲ. ಬಣ್ಣದ ಗುಣ, ಕುಂಚದ ಹಿಡಿತ, ತಟ್ಟೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ, ಎಲ್ಲವನ್ನೂ ನೋಡಬೇಕು.

ಅಂದಹಾಗೆ, 1925ರಲ್ಲಿ ಲೊಮೊನೊಸೊವ್ ಹೆಸರು ಪಡೆದ ಆ ಕಾರ್ಖಾನೆ 2005ರಲ್ಲಿ ಮತ್ತೆ 'ಸಾಮ್ರಾಜ್ಯದ ಪಿಂಗಾಣಿ ಕಾರ್ಖಾನೆ' ಎಂಬ ಹಳೆಯ ಹೆಸರಿಗೇ ಮರಳಿತು. ತೇಪೆ ಹಾಕಿ ಮುಚ್ಚಿದ್ದ ಹೆಸರು ಈಗ ಕಾರ್ಖಾನೆಯ ಬಾಗಿಲ ಮೇಲೇ ಇದೆ.