ಬಾವಿಯ ಕಂದೀಲು, ಗಣಿಯ ಇಲಿ

ನಮ್ಮ ಜತ್ತ ಸೀಮ್ಯಾಗ ಬಾವಿಗೆ ಇಳಿಯುವ ಮೊದಲು ಕಂದೀಲು ಬಿಟ್ಟು ನೋಡುವುದು ಹಿರಿಯರಿಂದ ಬಂದ ರೂಢಿ. ದೀಪ ಆರಿದರೆ ಕೆಟ್ಟ ಗಾಳಿ ಅದ, ಇಳೀಬಾರದು. ಉರಿದರೆ ಇಳಿ. 1972ರ ಬರದಾಗ ನಾನು ಸಣ್ಣ ಹುಡುಗ. ನೀರು ಪಾತಾಳ ಕಂಡಿತ್ತು, ಅದಕ್ಕೆ ಎಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸಿ ಕೂಡಿಸಿದ್ದರು. ಸೋದರಮಾವ ಕಂದೀಲು ಬಿಟ್ಟು, "ಉರೀತದ" ಅಂದು ಇಳಿದ. ಮತ್ತೆ ತಾನಾಗಿ ಮೇಲೆ ಬರಲಿಲ್ಲ. ಎತ್ತಿ ತಂದಾಗ ಉಸಿರಿಲ್ಲ, ಮುಖ ಮಾತ್ರ ಕೆಂಪಗೆ, ಮಲಗಿದವರ ಹಾಂಗ. ಕಂದೀಲು ಕೆಳಗ ಇನ್ನೂ ಉರೀತಿತ್ತು. ಊರವರು ದೆವ್ವ ಅಂದರು. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ.

ಆ ದೆವ್ವದ ಹೆಸರು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಅರೆಬರೆ ಉರಿದ ಎಣ್ಣೆ, ಇದ್ದಿಲು, ಕಲ್ಲಿದ್ದಲಿನಿಂದ ಹುಟ್ಟುತ್ತದೆ. ದೀಪ ಆರುವುದು ಪ್ರಾಣವಾಯು ಕಡಿಮೆಯಾದರೆ. ಈ ವಿಷ ಮನುಷ್ಯನನ್ನು ಕೊಲ್ಲುವಷ್ಟಿದ್ದರೂ ದೀಪ ಸುಮ್ಮನೆ ಉರಿಯುತ್ತದೆ.

ಇದರ ಗುಟ್ಟನ್ನು ಮೊದಲು ಬಿಡಿಸಿದವನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್, 1857ರ ಸುಮಾರಿಗೆ. ಈ ಅನಿಲ ರಕ್ತದಲ್ಲಿ ಪ್ರಾಣವಾಯುವಿನ ಜಾಗ ಹಿಡಿದು ಕೂಡುತ್ತದೆ ಅಂತ ತೋರಿಸಿದ. ಹಿಡಿತ ಅಂದರೆ ಎಂಥದು? ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿ. ರಕ್ತ ಕೆಂಪಾಗೇ ಕಾಣುತ್ತದೆ, ಒಳಗೆ ಜೀವ ಉಸಿರಿಗಾಗಿ ಒದ್ದಾಡುತ್ತದೆ.

ಆಮೇಲೆ ಬಂದವನು ಜಾನ್ ಸ್ಕಾಟ್ ಹಾಲ್ಡೇನ್, ಎಡಿನ್‌ಬರೋದಲ್ಲಿ ಹುಟ್ಟಿದವನು. ಎಂಥಾ ಗುಂಡಿಗೆ ಅಂತೀರಿ, 1895ರಲ್ಲಿ ಈ ವಿಷಗಾಳಿಯನ್ನು ತಾನೇ ತಾಸಿಗಟ್ಟಲೆ ಉಸಿರಾಡಿ, ಕಾಲು ಸೋಲುವ ತನಕ ಕುಂತು, ತನ್ನ ರಕ್ತ ತಾನೇ ಪರೀಕ್ಷೆ ಮಾಡಿದ. ಅದೇ ವರ್ಷ ಇನ್ನೊಂದು ಮಾಡಿದ. ಒಂದು ಇಲಿಯನ್ನು ಪಾತ್ರೆಯೊಳಗೆ ಇಟ್ಟು, ವಿಷಗಾಳಿಯ ಜೊತೆಗೆ ಪ್ರಾಣವಾಯುವನ್ನು ಎರಡು ವಾತಾವರಣದಷ್ಟು ಒತ್ತಡದಲ್ಲಿ ತುಂಬಿದ. ಇಲಿ ಸಾಯಲಿಲ್ಲ! ರಕ್ತದ ಕೆಂಪು ಕಣ ಕೈಬಿಟ್ಟರೂ ರಕ್ತದ ನೀರಿನಲ್ಲೇ ಪ್ರಾಣವಾಯು ಕರಗಿ ಜೀವ ಹಿಡಿದಿತ್ತು. ಹಾರ್ಮೋನಿಯಂ ತಿದಿ ಒತ್ತಿದರೆ ಗಾಳಿ ನುಗ್ಗುವ ಹಾಂಗ ಅಂತ ನಾನು ತಿಳಕೊಂಡೆ, ಹಾಡುವವನಿಗೆ ಹೀಗೇ ತಿಳಿಯೋದು.

ಮರುವರ್ಷ, 1896ರ ಜನವರಿಯಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸ್ಫೋಟವಾಗಿ 57 ಜನ ಸತ್ತರು. ಹಾಲ್ಡೇನ್ ಹೋಗಿ ನೋಡಿದ. ಸಿಡಿತದಿಂದ ಸತ್ತವರು ಕಡಿಮೆ, ಆಮೇಲಿನ ವಿಷಗಾಳಿಯಿಂದ ಸತ್ತವರೇ ಹೆಚ್ಚು. ಗಣಿಗೆ ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಒಯ್ಯಿರಿ, ಅದು ಮನುಷ್ಯನಿಗಿಂತ ಮೊದಲು ಬೀಳುತ್ತದೆ ಅಂದ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿ 1986ರ ತನಕ ಕೆಲಸ ಮಾಡಿತು.

ಆದರೆ ಇಲಿ ಕಲಿಸಿದ ಪಾಠ ಮನುಷ್ಯನ ಹಾಸಿಗೆಗೆ ಬರಲು 65 ವರ್ಷ ಹಿಡಿಯಿತು. ಆಗ ಬ್ರಿಟನ್ನಿನ ಮನೆ ಮನೆಗೂ ಕಲ್ಲಿದ್ದಲಿನ ಗ್ಯಾಸು ಬರುತ್ತಿತ್ತು, ಅದರಲ್ಲಿ ಇದೇ ವಿಷ ಇತ್ತು. 1960ರಲ್ಲಿ ಗ್ಲಾಸ್ಗೋದ ಸ್ಮಿತ್ ಮತ್ತು ಶಾರ್ಪ್ ಎಂಬ ವೈದ್ಯರು ಹಾಂಗ ವಿಷವೇರಿದವರನ್ನು ಒತ್ತಡದ ಕೋಣೆಯಲ್ಲಿ ಮಲಗಿಸಿ ಪ್ರಾಣವಾಯು ಕೊಟ್ಟು ಬದುಕಿಸಿದ್ದನ್ನು ಬರೆದರು. ಲೆಕ್ಕ ನೋಡಿರಿ: ಬರೀ ಗಾಳಿಯಲ್ಲಿ ವಿಷ ಅರ್ಧ ಇಳಿಯಲು ಸುಮಾರು 5 ತಾಸು. ಮುಖಕ್ಕೆ ಶುದ್ಧ ಪ್ರಾಣವಾಯು ಹಿಡಿದರೆ ಸುಮಾರು 80 ನಿಮಿಷ. ಕೋಣೆಯಲ್ಲಿ ಮೂರು ಪಟ್ಟು ಒತ್ತಡ ಕೊಟ್ಟರೆ 23 ನಿಮಿಷ.

ವೈದ್ಯರೆಲ್ಲ ಒಪ್ಪಿದರೇ ಅಂದರೆ ಇಲ್ಲ. 1999ರಲ್ಲಿ ಆಸ್ಟ್ರೇಲಿಯಾದವರು ಲಾಭ ಕಾಣಲಿಲ್ಲ ಅಂದರು. 2002ರಲ್ಲಿ ಅಮೆರಿಕಾದ ಯೂಟಾದವರು 152 ರೋಗಿಗಳ ಮೇಲೆ ನೋಡಿ, ಆರು ವಾರದ ನಂತರ ನೆನಪು-ಬುದ್ಧಿ ಕೆಟ್ಟವರು ಕೋಣೆಗೆ ಹೋದವರಲ್ಲಿ ನೂರಕ್ಕೆ 25, ಹೋಗದವರಲ್ಲಿ 46 ಅಂದರು. ವಾದ ಮುಗಿದಿಲ್ಲ. ಒಂದು ಮಾತು ಮಾತ್ರ ನಮ್ಮ ದ್ರಾಕ್ಷಿ ತೋಟದವರಿಗೆ ಹೇಳಬೇಕು, ಹೊಡೆಯುವ ಕೀಟನಾಶಕ ಮೈಗೇರಿದರೆ ಅದರ ಔಷಧ ಬೇರೆ, ಈ ಕೋಣೆ ಅದಕ್ಕಲ್ಲ.

ಮಾವನನ್ನು ಎತ್ತಿದಾಗಲೇ ಉಸಿರಿರಲಿಲ್ಲ, ಯಾವ ಕೋಣೆಯೂ ಉಳಿಸುತ್ತಿರಲಿಲ್ಲ. ಆ ಎಂಜಿನ್ನನ್ನು ಅದೇ ವಾರ ಮೇಲೆ ತಂದರು. ಅದರ ಹೊಗೆಯ ನೆನಪಿನಿಂದಲ್ಲ, ಬಾವಿಯ ದೆವ್ವಕ್ಕೆ ಸದ್ದು ಆಗಿಬರೂದಿಲ್ಲ ಅಂತ ಯಾರೋ ಹೇಳಿದ್ದರು.