ಕಾಲ ಕೆಳಗಿನ ಚರಿತ್ರೆ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯ ಕೆಂಪು ನೆಲ ಬಿರುಕು ಬಿಟ್ಟಿತು. ಸಿಮೆಂಟಿಗೆ ಕೆಂಪು ಆಕ್ಸೈಡು ಬೆರೆಸಿ, ಗಾರೆಯವನು ಕರಣೆಯಿಂದ ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ್ದ ನೆಲವದು. ಅಂಥ ಕೈಗಳು ಈಗ ಸುಲಭವಾಗಿ ಸಿಕ್ಕುವುದಿಲ್ಲ. ಮಗ ಬೆಂಗಳೂರಿನಿಂದ ಎರಡು ಮಾದರಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟ. ಒಂದು, ತೇಗದ ಸಣ್ಣ ಪಟ್ಟಿಗಳನ್ನು ಜೋಡಿಸಿದ ಪಾರ್ಕೆ, ಇನ್ನೊಂದು ವಿನೈಲ್. ಅದರ ಮೇಲೂ ತೇಗದ ಗೆರೆಗಳೇ, ಆದರೆ ಅವು ಅಚ್ಚಾದ ಗೆರೆಗಳು. “ಅಪ್ಪಾ, ನೀವೇ ಆರಿಸಿ” ಎಂದ. ಮೇಷ್ಟರಿಗೆ ಆರಿಸು ಎಂದರೆ ಆತ ಮೊದಲು ನಿಘಂಟನ್ನು ತೆಗೆಯುತ್ತಾನೆ, ಆಮೇಲೆ ಚರಿತ್ರೆಯನ್ನು.

ಫ್ರೆಂಚಿನಲ್ಲಿ ‘ಪಾರ್ಕ್’ ಎಂದರೆ ಆವರಣ. ‘ಪಾರ್ಕೆ’ ಎಂದರೆ ಪುಟ್ಟ ಆವರಣ. ಆ ದೇಶದ ನ್ಯಾಯಾಲಯಗಳಲ್ಲಿ ಸರ್ಕಾರಿ ಅಭಿಯೋಜಕರ ವಿಭಾಗಕ್ಕೆ ಇಂದಿಗೂ ಇದೇ ಹೆಸರು. ಹದಿನಾಲ್ಕನೆಯ ಲೂಯಿ ದೊರೆಯ ವರ್ಸೇಲ್ಸ್ ಅರಮನೆಗೆ ಈ ಮರದ ನೆಲ 1684ರಲ್ಲಿ ಬಂದ ಕತೆ ಸ್ವಾರಸ್ಯವಾಗಿದೆ. ಅದಕ್ಕೆ ಮುಂಚೆ ಅಲ್ಲಿ ಅಮೃತಶಿಲೆಯಿತ್ತು. ಅಮೃತಶಿಲೆಯನ್ನು ಪದೇ ಪದೇ ತೊಳೆಯಬೇಕು. ತೊಳೆದ ನೀರು ಸಂದುಗಳಿಂದ ಇಳಿದು ಕೆಳಗಿನ ಮರದ ತೊಲೆಗಳನ್ನು ಕೊಳೆಯಿಸುತ್ತಿತ್ತು. ಆದಕಾರಣ ಕಲ್ಲನ್ನು ತೆಗೆದು ಮರವನ್ನು ಹಾಸಿದರು. ವೈಭವದ ಗುರುತೆಂದು ನಾವು ಇಂದು ಕೊಂಡಾಡುವ ವಸ್ತು ಹೀಗೆ ದುರಸ್ತಿಯ ದಾರಿಯಲ್ಲಿ ಅರಮನೆಯನ್ನು ಹೊಕ್ಕಿತು.

ಅಲ್ಲಿಯ ಬಡಗಿಗಳ ಜಾಣತನವನ್ನು ಮೆಚ್ಚಲೇಬೇಕು. ಮರವು ತೇವವನ್ನು ಹೀರಿದಾಗ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಅಗಲವಾದ ಹಲಗೆ ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಾಯಿ ಬಿಡುತ್ತದೆ. ಮಲೆನಾಡಿನ ಹಳೆಯ ಉಪ್ಪರಿಗೆಗಳಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಸೇಲ್ಸಿನವರು ಚೌಕಟ್ಟಿನೊಳಗೆ ಸಣ್ಣ ಪಟ್ಟಿಗಳನ್ನು ಓರೆಯಾಗಿ, ಒಂದಕ್ಕೊಂದು ಅಡ್ಡವಾಗಿ ಹೆಣೆದು, ಒಂದರ ತುದಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿದರು. ಒಂದು ಪಟ್ಟಿಯ ಹಿಗ್ಗನ್ನು ನೆರೆಯ ಪಟ್ಟಿ ಹಿಡಿದು ನಿಲ್ಲಿಸುತ್ತದೆ.

ವಿನೈಲಿನ ವಂಶಾವಳಿ ಬೇರೆ. ಅದರ ಹಿರಿಯಣ್ಣ ಲಿನೋಲಿಯಂ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬಾತ ಬಣ್ಣದ ಡಬ್ಬಿಯಲ್ಲಿ ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ರಬ್ಬರಿನಂತೆ ಕೆನೆಗಟ್ಟಿದ್ದನ್ನು ಗಮನಿಸಿದ. ಆ ಎಣ್ಣೆಗೆ ಬೆಂಡಿನ ಪುಡಿಯನ್ನು ಬೆರೆಸಿ ಬಟ್ಟೆಯ ಮೇಲೆ ಹರಡಿ, 1863ರಲ್ಲಿ ಪೇಟೆಂಟು ಪಡೆದ. ಲ್ಯಾಟಿನಿನಲ್ಲಿ ‘ಲೀನಂ’ ಎಂದರೆ ಅಗಸೆ, ‘ಓಲಿಯಂ’ ಎಂದರೆ ಎಣ್ಣೆ. ಅದಕ್ಕೆ ಬೆನ್ನಾಗಿ ಅಂಟಿಸಿದ್ದು ಸೆಣಬಿನ ಬಟ್ಟೆ. ಆ ಕಾಲದ ಸ್ಕಾಟ್ಲೆಂಡಿನ ಗಿರಣಿಗಳಿಗೆ ಸೆಣಬು ಹೋಗುತ್ತಿದ್ದುದು ನಮ್ಮ ಬಂಗಾಳದಿಂದ. ಬಂಗಾಳದ ರೈತ ಸಗಣಿ ಸಾರಿಸಿದ ನೆಲದ ಮೇಲೆ ಕುಳಿತು ಉಣ್ಣುತ್ತಿರುವಾಗ ಅವನು ಬೆಳೆದ ನಾರು ಸಾಗರದಾಚೆಯ ಮನೆಗಳ ಕಾಲಡಿಗೆ ಸೇರುತ್ತಿತ್ತು. ವಾಲ್ಟನ್ನನಿಗೂ ಪೂರ್ಣ ಸುಖವಿರಲಿಲ್ಲ. ನೈರ್ನ್ ಎಂಬ ಪ್ರತಿಸ್ಪರ್ಧಿ ಕಂಪೆನಿ ‘ಲಿನೋಲಿಯಂ’ ಎಂಬ ಹೆಸರನ್ನೇ ಬಳಸಿದಾಗ ವ್ಯಾಜ್ಯ ಹೂಡಲಾಯಿತು. 1878ರಲ್ಲಿ ನ್ಯಾಯಾಲಯ, ಆ ಪದ ವಸ್ತುವಿನ ಸಾಮಾನ್ಯ ಹೆಸರಾಗಿಹೋಗಿದೆಯೆಂದು ತೀರ್ಪಿತ್ತಿತು. ತಾನು ಹುಟ್ಟಿಸಿದ ಶಬ್ದ ಊರಿನ ಸೊತ್ತಾದರೆ ಶಬ್ದಕಾರನಿಗೆ ಹಿಗ್ಗು, ವ್ಯಾಪಾರಿಗೆ ನಷ್ಟ.

ಅಮೆರಿಕದ ವಾಲ್ಡೋ ಸೆಮನ್ 1926ರಲ್ಲಿ ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟನ್ನು ಹುಡುಕುತ್ತಿದ್ದ. ಪೆಡಸಾದ ಪಾಲಿವಿನೈಲ್ ಕ್ಲೋರೈಡನ್ನು ದ್ರಾವಕದಲ್ಲಿ ಕಾಯಿಸಿದಾಗ ಅಂಟು ಸಿಕ್ಕಲಿಲ್ಲ, ಬಳುಕುವ ಪದಾರ್ಥವೊಂದು ಸಿಕ್ಕಿತು. ಎರಡನೆಯ ಮಹಾಯುದ್ಧದ ಬಳಿಕ ಅದು ನೆಲಹಾಸಾಗಿ ಮನೆಮನೆಯನ್ನು ಹೊಕ್ಕಿತು. ಅಗ್ಗ, ಮೆತ್ತಗೆ, ನೀರಿಗೆ ಅಂಜದು, ಗೆದ್ದಲಿಗೂ ಬೇಡ. ಇಷ್ಟು ಗುಣಗಳುಳ್ಳ ವಸ್ತುವನ್ನು ನಕಲಿಯೆಂದು ತಳ್ಳಿಹಾಕುವುದು ಪಂಡಿತರ ಹಟವಾದೀತೆಂದು ನಾನೂ ಯೋಚಿಸಿದೆ.

ಆದರೆ ಅದರ ಚರಿತ್ರೆಯಲ್ಲಿ ಒಂದು ಕರಿಯ ಪುಟವಿದೆ. ಅದೇ ಸೆಮನ್ ದುಡಿದ ಗುಡ್‌ರಿಚ್ ಕಂಪೆನಿಯ ಲೂಯಿವಿಲ್ ಕಾರ್ಖಾನೆಯಲ್ಲಿ ಕಾರ್ಮಿಕರು ಪಿತ್ತಜನಕಾಂಗದ ಅಪರೂಪದ ಕ್ಯಾನ್ಸರಿನಿಂದ ಸತ್ತದ್ದು 1974ರ ಜನವರಿಯಲ್ಲಿ ಹೊರಬಿತ್ತು. ಕಾರಣ, ವಿನೈಲ್ ಕ್ಲೋರೈಡ್ ಅನಿಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 500 ಭಾಗದವರೆಗೆ ಇರಬಹುದೆಂದಿದ್ದ ಅನಿಲದ ಮಿತಿಯನ್ನು ಅಮೆರಿಕ ಸರ್ಕಾರ 1975ರ ಹೊತ್ತಿಗೆ ಒಂದೇ ಭಾಗಕ್ಕೆ ಇಳಿಸಿತು. ಹಾಸಿದ ನೆಲದ ಮೇಲೆ ಓಡಾಡುವವನಿಗೆ ಆ ಅನಿಲದ ಭಯವಿಲ್ಲ, ನಿಜ. ಅಪಾಯವನ್ನು ಹೊತ್ತವರು ಅದನ್ನು ತಯಾರಿಸಿದವರು. ಹಾಗೆಂದು ತೇಗವೇನು ನಿಷ್ಪಾಪಿಯೆ? ಅದರ ಹಿಂದೆ ಕಾಡಿದೆ, ಕೊಡಲಿಯಿದೆ. ಪಾರ್ಕೆಯ ಪಕ್ಷದಲ್ಲಿ ಹೇಳಬಹುದಾದದ್ದಿಷ್ಟೆ: ಅದಕ್ಕೆ ಉದ್ದನೆಯ ಹಲಗೆ ಬೇಡ, ಚಿಕ್ಕ ತುಂಡುಗಳೇ ಸಾಕು.

ಇಷ್ಟನ್ನೂ ನಾನು ಊಟದ ಹೊತ್ತಿನಲ್ಲಿ ಮನೆಯಾಕೆಗೆ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, “ನೆಲ ಒರೆಸುವವಳನ್ನು ಕೇಳಿದಿರಾ?” ಎಂದರು. ಕೇಳಿರಲಿಲ್ಲ. ವರ್ಸೇಲ್ಸಿನ ಅಮೃತಶಿಲೆಯನ್ನು ತೊಳೆದವರ ಹೆಸರೂ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲವೆಂಬುದು ಆಗ ನೆನಪಾಯಿತು.

ಮರುದಿನ ಆಕೆ ಬಂದಾಗ ಎರಡು ಮಾದರಿಗಳನ್ನೂ ಮುಂದಿಟ್ಟೆ. ಬೆರಳಿನಿಂದ ಸವರಿ ನೋಡಿದಳು.

“ಎರಡೂ ಒಂದೇ ಥರ ಕಾಣ್ತದೆ ಮೇಷ್ಟ್ರೇ. ಯಾವುದಕ್ಕೆ ನೀರು ಹಾಕಬಹುದು?”

“ಇದಕ್ಕೆ ಎಷ್ಟಾದರೂ ಹಾಕಬಹುದು. ಮರದ್ದಕ್ಕೆ ಕೂಡದು, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು.”

“ಹಾಗಾದ್ರೆ ಮರದ್ದೇ ಹಾಕಿಸಿ. ಬಕೆಟ್ಟು ಹೊತ್ತುಕೊಂಡು ಆ ಮೆಟ್ಟಿಲು ಹತ್ತೋದು ತಪ್ಪುತ್ತೆ.”

ಹದಿನೆಂಟು ಮೆಟ್ಟಿಲುಗಳು. ಆ ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದರೂ ನಾನು ಅವನ್ನು ಎಣಿಸಿದ್ದು ಅಂದೇ. ಸಂಜೆ ಮಗನಿಗೆ ಫೋನು ಮಾಡಿ, ಮಹಡಿಗೆ ತೇಗದ ಪಟ್ಟಿ, ಕೆಳಗಿನ ಕೆಂಪು ನೆಲ ಇದ್ದಂತೆಯೇ ಇರಲಿ ಎಂದು ತಿಳಿಸಿದೆ.