ಹೆಸರೊಂದು ಕ್ರಿಯಾಪದವಾದ ಬಗೆ

'ಬಾಯ್ಕಾಟ್' ಎಂಬ ಇಂಗ್ಲಿಷ್ ಕ್ರಿಯಾಪದವು ಮೂಲತಃ ಒಬ್ಬ ವ್ಯಕ್ತಿಯ ಹೆಸರೆಂಬುದನ್ನು ಬಲ್ಲಿರಾ? ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಜಮೀನುದಾರ ಲಾರ್ಡ್ ಅರ್ನ್‌ನ ಕಾರಭಾರಿಯಾಗಿದ್ದ. 1880ರಲ್ಲಿ ಒಕ್ಕಲುಗಳು ಕೇಳಿದಷ್ಟು ಗೇಣಿ ಇಳಿಯಲಿಲ್ಲ. ಬದಲಿಗೆ ಅವರನ್ನು ಒಕ್ಕಲೆಬ್ಬಿಸುವ ನೋಟೀಸುಗಳು ಹೊರಟವು. ಊರವರು ಅವನೊಡನೆ ಮಾತು, ದುಡಿಮೆ, ವ್ಯಾಪಾರ ಎಲ್ಲವನ್ನೂ ನಿಲ್ಲಿಸಿದರು. ಅವನ ಬೆಳೆ ಕೀಳಲು ಸುಮಾರು 50 ಆಳುಗಳು ಸೈನಿಕರ ಕಾವಲಿನಲ್ಲಿ ಹೊರಗಿನಿಂದ ಬರಬೇಕಾಯಿತು. ಈ ಕ್ರಮಕ್ಕೆ ಹಳ್ಳಿಗರಿಗೆ ಎಟುಕುವ ಪದವೊಂದು ಬೇಕೆಂದು, ಆತನ ಹೆಸರನ್ನೇ ಸೂಚಿಸಿದವರು ಅಲ್ಲಿಯ ಧರ್ಮಗುರು ಫಾದರ್ ಜಾನ್ ಓಮ್ಯಾಲಿ ಎಂದು ಪತ್ರಕರ್ತ ಜೇಮ್ಸ್ ರೆಡ್‌ಪಾತ್ ದಾಖಲಿಸಿದ್ದಾರೆ.

ನಾವು ಅದನ್ನು 'ಬಹಿಷ್ಕಾರ' ಎನ್ನುತ್ತೇವೆ. ಅಲ್ಲಿ ಅದು ಬಲಹೀನರ ಆಯುಧ. ನಮ್ಮ ಹಳ್ಳಿಗಳಲ್ಲಿಯೋ ಬಲಿಷ್ಠರ ಕೈಸೇರಿ ಎಷ್ಟೋ ದಲಿತ ಕುಟುಂಬಗಳಿಗೆ ಬಾವಿ, ಅಂಗಡಿಗಳನ್ನು ಮುಚ್ಚಿದೆ. ಪದ ಒಂದೇ. ಅದನ್ನು ಯಾರು, ಯಾರ ಮೇಲೆ ಎತ್ತಿದರೆಂಬುದೇ ಅದರ ನಿಜವಾದ ಅರ್ಥವಲ್ಲವೇ?